ಓದುಗರ ಪ್ರಶ್ನೆ: ಎಂಟು ಎಕರೆ ಉತಾರ, ಒಂದು ಟಂಟಂ ಮತ್ತು ರದ್ದಾದ ಬಿಪಿಎಲ್ ಕಾರ್ಡು

ಪ್ರಶ್ನೆ: ತಂದೆ ತೀರಿಕೊಂಡು ಆರು ವರ್ಷವಾದರೂ 8 ಎಕರೆ 12 ಗುಂಟೆ ಒಣಬೇಸಾಯದ ಎರೆಹೊಲ ಅವರ ಹೆಸರಿನಲ್ಲೇ ಇದೆ. ಮೂವರು ಅಣ್ಣತಮ್ಮಂದಿರು ಬೇರೆ ಬೇರೆ ಇದ್ದೇವೆ. ನಾನು ಸಾಲದ ಮೇಲೆ ಟಂಟಂ (ಬಾಡಿಗೆಯ ದೊಡ್ಡ ಆಟೋ) ಕೊಂಡಾಗ ಬ್ಯಾಂಕಿನವರು ಕೇಳಿದರೆಂದು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದೆ. ಅದರಲ್ಲಿ ವರಮಾನ 2,80,000 ರೂಪಾಯಿ, ತೆರಿಗೆ ಸೊನ್ನೆ. ಈಗ ನಮ್ಮ ಕಾರ್ಡನ್ನು ಎಪಿಎಲ್ ಮಾಡಿದ್ದಾರೆ. ಕಾರಣ ಯಾವುದು?
– ಓದುಗರು, ರೋಣ ತಾಲೂಕು

ಉತ್ತರ: ನಿಮ್ಮ ಟಂಟಂ ಕಾರಣವಾಗಿರಲಾರದು. ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನವಿದ್ದವರಿಗೆ ಬಿಪಿಎಲ್ ಇಲ್ಲ ಎನ್ನುವ ಮಾನದಂಡವೇ, ಹೊಟ್ಟೆಪಾಡಿಗಾಗಿ ಓಡಿಸುವ ಒಂದು ಬಾಡಿಗೆ ವಾಹನವನ್ನು ಅದರಿಂದ ಹೊರಗಿಟ್ಟಿದೆ.

ಹೊಲದ ಮಿತಿ ಕುಟುಂಬಕ್ಕೆ 3 ಹೆಕ್ಟೇರ್ ಒಣಭೂಮಿ, ಅಂದರೆ ಹತ್ತಿರಹತ್ತಿರ ಏಳೂವರೆ ಎಕರೆ. ನಿಮ್ಮ ಪಾಲಿಗೆ ಬರುವುದು ಮೂರು ಎಕರೆಯೊಳಗೆ. ಆದರೆ ಕಚೇರಿಯವರು ಓದುವುದು ಉತಾರವನ್ನು, ಅಂದರೆ ಪಹಣಿಯನ್ನು. ಅದರಲ್ಲಿ ಎಂಟು ಎಕರೆ ಒಬ್ಬರ ಹೆಸರಿನಲ್ಲಿದೆ. ಆದಕಾರಣ ಮೊದಲು ವಾರಸಾ ಹಚ್ಚಿಸಿರಿ, ಅಂದರೆ ತಂದೆಯ ಹೆಸರಿನ ಜಾಗದಲ್ಲಿ ವಾರಸುದಾರರ ಹೆಸರು ದಾಖಲಿಸಿರಿ. ಆಮೇಲೆ 11ಇ ನಕ್ಷೆ (ಹೊಲ ಅಳೆದು ಪಾಲು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ವಾಟ್ನಿ (ಪಾಲು ವಿಭಾಗ) ಮಾಡಿಕೊಂಡು ಮೂವರ ಉತಾರ ಬೇರೆ ಮಾಡಿಸಿರಿ.

ತೊಡಕಿರುವುದು ರಿಟರ್ನಿನಲ್ಲಿ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಮಾನದಂಡ ಹೊರಗಿಡುವುದು ತೆರಿಗೆ ಕಟ್ಟುವವರನ್ನು. 2024ರ ನವೆಂಬರಿನಲ್ಲಿ ರಾಜ್ಯದಾದ್ಯಂತ ಕಾರ್ಡುಗಳು ರದ್ದಾಗಿ ಜನ ತಿರುಗಿಬಿದ್ದಾಗ, ಸರಕಾರಿ ನೌಕರರು ಮತ್ತು ತೆರಿಗೆ ಪಾವತಿಸುವವರನ್ನು ಬಿಟ್ಟು ಉಳಿದವರ ಕಾರ್ಡನ್ನು ಮರಳಿ ಕೊಡುವುದಾಗಿ ಸರಕಾರವೇ ಹೇಳಿತು. ಸೊನ್ನೆ ತೆರಿಗೆ ತೋರಿಸುವ ನಿಮ್ಮ ರಿಟರ್ನ್ ಪ್ರತಿ ಇಲ್ಲಿ ನೆರವಿಗೆ ಬರುತ್ತದೆ. ಆದರೆ ಅದೇ ಪ್ರತಿಯಲ್ಲಿ 2,80,000 ಎಂದೂ ಇದೆಯಲ್ಲ! ಬಿಪಿಎಲ್ ಕುಟುಂಬದ ವಾರ್ಷಿಕ ಆದಾಯ 1,20,000 ರೂಪಾಯಿ ಮೀರುವಂತಿಲ್ಲ. ಡೀಸೆಲ್, ರಿಪೇರಿ, ವಿಮೆ ಕಳೆದು ಕೈಗೆ ಉಳಿದದ್ದನ್ನೇ ಬರೆದಿದ್ದೀರೋ, ಸಾಲ ಮಂಜೂರಾಗಲೆಂದು ಬರೆಸಿದ ಅಂಕಿಯೋ, ನಿಮಗೇ ಗೊತ್ತು. ನಿಜವಾಗಿ ಅಷ್ಟು ಉಳಿಯುತ್ತಿದ್ದರೆ ಕಾರ್ಡು ನಿಮ್ಮದಲ್ಲ ಎಂದು ನೇರವಾಗಿ ಹೇಳಬೇಕಾಗುತ್ತದೆ. ಉಳಿಯುತ್ತಿಲ್ಲವಾದರೆ ನಾಡಕಚೇರಿಯಿಂದ ಹೊಸ ಆದಾಯ ಪ್ರಮಾಣಪತ್ರ ಪಡೆದು, ಖರ್ಚಿನ ರಶೀದಿಗಳೊಂದಿಗೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಕೆಲಸವಾಗದಿದ್ದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಯ ಬಳಿಗೆ, ಮುಂದೆ ರಾಜ್ಯ ಆಹಾರ ಆಯೋಗಕ್ಕೆ ಹೋಗಬಹುದು.

ಈ ಆದಾಯ ಮಿತಿಯ ಬಗ್ಗೆ ನನ್ನ ತಕರಾರಿದೆ. ಗಂಡ ಹೆಂಡತಿ ಇಬ್ಬರೂ ದಿನಕ್ಕೆ 300 ರೂಪಾಯಿಯಂತೆ ವರ್ಷದಲ್ಲಿ 200 ದಿನ ದುಡಿದರೆ ಸರಿಯಾಗಿ 1,20,000 ಆಗುತ್ತದೆ. ಒಂದೇ ದಿನ ಹೆಚ್ಚು ದುಡಿದರೂ ಮಿತಿ ದಾಟಿದಂತೆ. ಕೇಂದ್ರದ ಕಾಯ್ದೆ ಗ್ರಾಮೀಣ ಭಾಗದಲ್ಲಿ ಶೇ. 75, ನಗರದಲ್ಲಿ ಶೇ. 50ರವರೆಗೆ ಜನರನ್ನು ಒಳಗೊಳ್ಳುತ್ತದೆ, ಅದೂ 2011ರ ಜನಗಣತಿಯ ಲೆಕ್ಕದಲ್ಲಿ. ಕೋಟಾ ಹೀಗೆ ಕಟ್ಟಿಹಾಕಿರುವಾಗ ಪಟ್ಟಿ ಸೋಸುವವರ ಕೈ, ಮಳೆ ಕೈಕೊಟ್ಟ ವರ್ಷ ಹೆಸರುಕಾಳು, ಕಡಲೆ ಎರಡೂ ಬಾರದ ಎರೆಹೊಲದವರ ಮೇಲೂ ಬೀಳುತ್ತದೆ. ಉತಾರದಲ್ಲಿ ಎಕರೆ ಇರುತ್ತದೆಯೇ ಹೊರತು ಆ ವರ್ಷ ಮನೆಗೆ ಬಂದ ಚೀಲ ಎಷ್ಟೆಂದು ಇರುವುದಿಲ್ಲ. ಇದು ಸರಿಯಾಗಬೇಕು.

ಪ್ರಶ್ನೆ: ನಾನು ವಿಧವೆ. ಹಿರಿಯರ ಕಾಲದ ಮನೆ. ಸಿಟಿಎಸ್ (ಸಿಟಿ ಸರ್ವೆ) ಉತಾರದಲ್ಲಿ 1,400 ಚದರ ಅಡಿ ಇದೆ. ಕಾರ್ಡು ಬರುವುದಿಲ್ಲ ಎನ್ನುತ್ತಾರೆ.
– ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ತಾಯಿ, ನಗರದಲ್ಲಿ ಅಡ್ಡ ಬರುವುದು 1,000 ಚದರ ಅಡಿ ಮೀರಿದ ಸ್ವಂತ ಪಕ್ಕಾ ಮನೆ. ಸಿಟಿಎಸ್ ಉತಾರ ತೋರಿಸುವುದು ಜಾಗದ ಅಳತೆ. ಅದರಲ್ಲಿ ಹಿತ್ತಲು, ಬಚ್ಚಲು, ಬಿದ್ದ ಗೋಡೆಯ ಬಯಲು ಎಲ್ಲವೂ ಸೇರಿರುತ್ತದೆ. ನಿಮ್ಮದು ಮಣ್ಣಿನ ಮಾಳಿಗೆಯ ಮನೆಯಾಗಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಪಾಲಿಕೆಯ ಮನೆ ಕರದ ರಶೀದಿಯಲ್ಲಿ ಕಟ್ಟಡದ ವಿಸ್ತೀರ್ಣ ಬೇರೆಯಾಗಿ ನಮೂದಾಗಿದ್ದರೆ ಅದರ ಪ್ರತಿ ಲಗತ್ತಿಸಿ, ಆಹಾರ ನಿರೀಕ್ಷಕರು ಮನೆಗೆ ಬಂದು ಟೇಪು ಹಿಡಿದು ಅಳೆದು ಪಂಚನಾಮೆ ಬರೆಯಲೆಂದು ಕೋರಿಕೊಳ್ಳಿರಿ. ಅವರು ಅಳೆಯುವಾಗ ನೀವೂ ಜೊತೆಯಲ್ಲಿ ನಿಲ್ಲಿರಿ.