ಪ್ರತಿಕ್ರಿಯೆ: ಓಪನ್‌ಎಂಆರ್‌ಎಸ್ ಮಾಡ್ಯೂಲ್‌ಗೂ ಕೈಪಿಡಿಗೂ ಒಂದೇ ಪರವಾನಗಿ ಸಾಕೇ?

ರೋಗಿಗಳ ದಾಖಲೆ ನಿರ್ವಹಿಸುವ ಮುಕ್ತ ತಂತ್ರಾಂಶ ಓಪನ್‌ಎಂಆರ್‌ಎಸ್‌ಗಾಗಿ ನೀವು ಬರೆದ ಮಾಡ್ಯೂಲನ್ನು (ಹೆಚ್ಚುವರಿ ಘಟಕವನ್ನು) ಬಳಸಲು ಇತರರು ಏಕೆ ಹಿಂಜರಿಯುತ್ತಾರೆ, ಅದಕ್ಕೂ ಕೈಪಿಡಿಗೂ ಒಂದೇ ಪರವಾನಗಿ ಸಾಕೇ ಎಂದು ಕೇಳಿದ್ದೀರಿ. ಆ ಹಿಂಜರಿಕೆಗೆ, ಕೋಡ್ ಮತ್ತು ಕೈಪಿಡಿ ಎರಡಕ್ಕೂ ಬರಹ, ಚಿತ್ರಗಳಂಥ ಕೃತಿಗಳಿಗಾಗಿ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ರೂಪಿಸಿದ ಪರವಾನಗಿಯನ್ನೇ ಹಾಕಿರುವುದು ಬಹುಶಃ ಕಾರಣ. ತಂತ್ರಾಂಶಕ್ಕೆ ಅದನ್ನು ಬಳಸಬೇಡಿ ಎಂದು ಆ ಸಂಸ್ಥೆಯೇ ಸಲಹೆ ನೀಡುತ್ತದೆ. ಮೊದಲು, ಓಪನ್‌ಎಂಆರ್‌ಎಸ್‌ನಿಂದ ತೆಗೆದುಕೊಂಡು ತಿದ್ದಿದ ಕಡತಗಳನ್ನು ಗುರುತಿಸಿ, ಅವುಗಳ ಆರಂಭದಲ್ಲಿರುವ ಎಂಪಿಎಲ್ 2.0 (ಮೊಜಿಲ್ಲಾ ಸಾರ್ವಜನಿಕ ಪರವಾನಗಿ) ಸೂಚನೆಯನ್ನೂ ಆರೋಗ್ಯಸೇವೆಗೆ ಸಂಬಂಧಿಸಿದ ಹೊಣೆ ನಿರಾಕರಣೆಯ ಉಲ್ಲೇಖವನ್ನೂ ಹಾಗೆಯೇ ಉಳಿಸಿ. ಎಂಪಿಎಲ್‌ನ ಕಟ್ಟುಪಾಡು ಅದರ ಅಡಿಯಲ್ಲಿರುವ ಕಡತಗಳಿಗಷ್ಟೇ ಅನ್ವಯಿಸುವುದರಿಂದ ನೀವೇ ಬರೆದ ಪ್ರತ್ಯೇಕ ಕಡತಗಳಿಗೆ ಬೇರೆ ಪರವಾನಗಿ ಕೊಡಬಹುದು. ಆದರೂ ಎಂಪಿಎಲ್ ಅನ್ನೇ ಮುಂದುವರಿಸುವುದು ಮೇಲೆಂದು ನನ್ನ ಅಭಿಪ್ರಾಯ. ಓಪನ್‌ಎಂಆರ್‌ಎಸ್ ಆಧಾರಿತ ಆಸ್ಪತ್ರೆ ತಂತ್ರಾಂಶವಾದ ಬಾಹ್ಮ್ನಿಯ ಕೋಡ್ ಸೇರಿದೆಯೇ ಎಂಬುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗುವುದಿಲ್ಲ. ಸೇರಿದ್ದು, ಅದು ಎಜಿಪಿಎಲ್ (ಗ್ನೂ ಅಫೆರೋ ಸಾರ್ವಜನಿಕ ಪರವಾನಗಿ) ಅಡಿಯಲ್ಲಿದ್ದರೆ, ಆ ಪರವಾನಗಿಯ ಪ್ರಕಾರ ತಿದ್ದಿದ ಆವೃತ್ತಿಯನ್ನು ಜಾಲದ ಮೂಲಕ ಬಳಸುವವರಿಗೂ ಮೂಲ ಕೋಡ್ ಒದಗಿಸಬೇಕಾಗುತ್ತದೆ. ನಂತರ ಕೈಪಿಡಿಯ ಪಠ್ಯಕ್ಕೆ ಸಿಸಿ ಬೈ 4.0 (ಕರ್ತೃವಿನ ಹೆಸರು ಹೇಳಿ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ) ಹಾಕಿ, ಅದರೊಳಗಿನ ಕೋಡ್ ತುಣುಕುಗಳು ಎಂಪಿಎಲ್ ಅಡಿಯಲ್ಲಿವೆ ಎಂದು ಮೊದಲ ಪುಟದಲ್ಲೇ ತಿಳಿಸಿ. (ಪರದೆಯ ಚಿತ್ರಗಳಲ್ಲಿ ನಿಜವಾದ ರೋಗಿಗಳ ವಿವರವಿದ್ದರೆ ಯಾವ ಪರವಾನಗಿಯೂ ರಕ್ಷಿಸದು.) ಕೊನೆಗೆ ಎರಡೂ ಪರವಾನಗಿಗಳ ಪೂರ್ಣ ಪಠ್ಯವನ್ನು ಕೋಡ್ ಭಂಡಾರದ (ರೆಪಾಸಿಟರಿಯ) ಮೂಲ ಫೋಲ್ಡರ್‌ನಲ್ಲಿ ಇರಿಸಿ.