ಅಮೆರಿಕದಲ್ಲಿ ಔಷಧಿ ಅಂಗಡೀಲೇ ಸಿಗರೇಟ್ ಮಾರ್ತಾರಂತೆ, ನಿಜನಾ? ಮಾರೋದು ಸರಿನಾ?

ನಿಜ, ಮಾರ್ತಾರೆ. ನಾನು ಟೆಕ್ಸಾಸಲ್ಲಿ ಒಂದು ಚೈನ್ ಫಾರ್ಮಸೀಲಿ ಟೆಕ್ನಿಷಿಯನ್ ಆಗಿ ಕೆಲ್ಸ ಮಾಡಿದೀನಿ (ಯಾವ್ದು ಅಂತ ಕೇಳ್ಬೇಡಿ), ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ನಿರಕ್ಕಾಗ್ಲಿಲ್ಲ. ಸರಿನಾ ಅಂದ್ರೆ ನನ್ನ ಪ್ರಕಾರ ಖಂಡಿತ ಸರಿಯಲ್ಲ.

ಅಲ್ಲಿನ ಫಾರ್ಮಸಿ ಅಂದ್ರೆ ನಮ್ಮೂರ ಮೆಡಿಕಲ್ ಶಾಪ್ ಅಂದ್ಕೋಬೇಡಿ, ಅರ್ಧ ಸೂಪರ್ ಮಾರ್ಕೆಟ್ ಅದು. ಚಿಪ್ಸು, ಹಾಲು, ಶಾಂಪೂ, ಬರ್ತ್‌ಡೇ ಕಾರ್ಡು ಎಲ್ಲಾ ದಾಟ್ಕೊಂಡು ಕಟ್ಟಕಡೆಗೆ ಹೋದ್ರೆ ಅಲ್ಲಿ ಡಾಕ್ಟರ್ ಬರ್ದ ಮಾತ್ರೆ ಕೊಡೋ ಕೌಂಟರು. ಸಿಗರೇಟ್ ಇರೋದು ಮುಂದೆ, ಬಾಗ್ಲ ಹತ್ರ, ಬಿಲ್ ಹಾಕೋರ ಬೆನ್ನ ಹಿಂದೆ ಗೋಡೆ ತುಂಬ. ಈಗ ಒಬ್ರು ಸಿಗರೇಟ್ ಬಿಡ್ಬೇಕು ಅಂತ ತೀರ್ಮಾನ ಮಾಡ್ಕೊಂಡು ಬರ್ತಾರೆ ಅಂತಿಟ್ಕೊಳ್ಳಿ, ಹಿಂದಿನ ಕೌಂಟರಲ್ಲಿ ಫಾರ್ಮಸಿಸ್ಟ್ ಅವರನ್ನ ನಿಲ್ಲಿಸ್ಕೊಂಡು ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದ್ತೀರಾ, ಹಂಗಿದ್ರೆ 21 ಮಿಲಿಗ್ರಾಂ ನಿಕೋಟಿನ್ ಪ್ಯಾಚಿಂದ (ಸಿಗರೇಟ್ ಬಿಡಕ್ಕೆ ಅಂತ ಚರ್ಮಕ್ಕೆ ಅಂಟಿಸ್ಕೊಳ್ಳೋ ಪಟ್ಟಿ) ಶುರು ಮಾಡಿ, ಆಮೇಲೆ 14, ಆಮೇಲೆ 7 ಅಂತ ಎಲ್ಲಾ ಬಿಡಿಸಿ ಹೇಳ್ತಾರೆ, ಅವರೂ ತಲೆ ಆಡಿಸ್ತಾರೆ, ಪ್ಯಾಚ್ ಜೊತೆ ಇನ್ನೇನೋ ಸಾಮಾನು ತಗೊಂಡು ದುಡ್ಡು ಕೊಡಕ್ಕೆ ಮುಂದೆ ಹೋದ್ರೆ ಕಣ್ಣೆದುರಿಗೇ ಅವರ ಬ್ರ್ಯಾಂಡು. ಚಟ ಬಿಡೋ ಮೊದಲ ವಾರದಲ್ಲಿ ಇರೋರಿಗೆ ಇದೇನು ಸಣ್ಣ ವಿಷ್ಯನಾ? ಹಿಂದೆ ಇನ್‌ಹೇಲರ್ ಇಸ್ಕೊಂಡು ಮುಂದೆ ಒಂದು ಕಾರ್ಟನ್ ಸಿಗರೇಟ್ ತಗೊಂಡು ಹೋಗೋರ್ನೂ ನೋಡಿದೀನಿ.

ಇದಕ್ಕೆ ಎಲ್ರೂ ಹೇಳೋ ಮಾತು ಒಂದೇ, ಪಕ್ಕದ ಪೆಟ್ರೋಲ್ ಬಂಕಲ್ಲಿ ಸಿಗುತ್ತಲ್ಲಾ, ಇಲ್ಲಿ ನಿಲ್ಸಿದ್ರೆ ಏನ್ ಪ್ರಯೋಜ್ನ ಅಂತ. ಇದನ್ನ ನಿಜವಾಗ್ಲೂ ಪರೀಕ್ಷೆ ಮಾಡಿ ನೋಡೋ ಅವಕಾಶ ಒಂದ್ಸಲ ಸಿಕ್ತು. ಸಿವಿಎಸ್ ಅನ್ನೋ ದೊಡ್ಡ ಚೈನು 2014ರ ಸೆಪ್ಟೆಂಬರಲ್ಲಿ ತನ್ನ 7,600ಕ್ಕೂ ಹೆಚ್ಚು ಅಂಗಡಿಗಳಲ್ಲಿ ತಂಬಾಕು ಮಾರೋದನ್ನ ನಿಲ್ಲಿಸ್ತು. ಆಮೇಲೆ ಅವರದೇ ಸಂಶೋಧಕರು ಲೆಕ್ಕ ಹಾಕಿ 2017ರಲ್ಲಿ ಪ್ರಕಟ ಮಾಡಿದ್ರು, ಸಿವಿಎಸ್ ಅಂಗಡಿ ಜಾಸ್ತಿ ಇರೋ 13 ರಾಜ್ಯಗಳಲ್ಲಿ ಒಟ್ಟು ಸಿಗರೇಟ್ ಮಾರಾಟವೇ ಸುಮಾರು 1% ಇಳಿದಿತ್ತು, ಬರೀ ಸಿವಿಎಸ್‌ನಲ್ಲೇ ಸಿಗರೇಟ್ ಕೊಳ್ತಿದ್ದ ಮನೆಗಳು ಸಿಗರೇಟ್ ಕೊಳ್ಳೋದನ್ನೇ ನಿಲ್ಲಿಸೋ ಸಾಧ್ಯತೆ 38% ಜಾಸ್ತಿ ಇತ್ತು. ಕಂಪನಿಯೋರೇ ಮಾಡಿದ ಲೆಕ್ಕ ಅಂತ ಬೇಕಾದ್ರೆ ಸ್ವಲ್ಪ ಕಮ್ಮಿ ನಂಬಿ, ಆದ್ರೂ ಎಲ್ರೂ ಬಂಕಿಗೆ ಹೋಗ್ತಾರೆ ಅನ್ನೋ ವಾದ ಅಷ್ಟು ಗಟ್ಟಿ ಇಲ್ಲ ಅಂತಾಯ್ತು.

ಹಂಗಂತ ಸಿವಿಎಸ್‌ನ ತೀರಾ ತಲೆ ಮೇಲೆ ಹೊತ್ಕೊಳ್ಳೋದೂ ಬೇಡ. ವರ್ಷಕ್ಕೆ 2 ಬಿಲಿಯನ್ ಡಾಲರ್ ವ್ಯಾಪಾರ ಬಿಟ್ಟು ತ್ಯಾಗ ಮಾಡಿದ್ರು ಅಂತ ಪೇಪರಲ್ಲೆಲ್ಲ ಬಂತು, ಆದ್ರೆ ಅವರ ಒಟ್ಟು ವಹಿವಾಟು ಆಗ 120 ಬಿಲಿಯನ್ ಮೇಲಿತ್ತು. ಆಸ್ಪತ್ರೆ, ಇನ್ಶೂರೆನ್ಸ್ ಕಂಪನಿಗಳ ಜೊತೆ ದೊಡ್ಡ ಬಿಸಿನೆಸ್ ಮಾಡ್ಬೇಕು ಅನ್ನೋರಿಗೆ ಸಿಗರೇಟ್ ಗೋಡೆ ಮುಜುಗರನೇ. ಅದೇ ವರ್ಷ ಹೆಸರಿಗೆ 'ಹೆಲ್ತ್' ಅಂತ ಬೇರೆ ಸೇರಿಸ್ಕೊಂಡ್ರು!

ಅದಕ್ಕೇ ಕಂಪನಿಗಳ ಒಳ್ಳೇತನಕ್ಕೆ ಬಿಡ್ದೆ ಕಾನೂನೇ ಬರ್ಬೇಕು ಅನ್ನೋದು ನಾನು. ಕೆನಡಾದ ಒಂಟಾರಿಯೋದಲ್ಲಿ 1994ರಲ್ಲೇ ತಂದ್ರು. ಅಮೆರಿಕದಲ್ಲಿ ಮೊದ್ಲು ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋ ನಗರ, 2008ರಲ್ಲಿ, ಅದ್ರಲ್ಲೂ ಒಂದು ಎಡವಟ್ಟಾಯ್ತು, ಒಳಗೆ ಫಾರ್ಮಸಿ ಇಟ್ಕೊಂಡಿರೋ ಸೂಪರ್ ಮಾರ್ಕೆಟ್‌ಗಳಿಗೆ ವಿನಾಯ್ತಿ ಕೊಟ್ಬಿಟ್ರು, ನಮಗೊಂದು ನ್ಯಾಯ ಅವರಿಗೊಂದು ನ್ಯಾಯನಾ ಅಂತ ವಾಲ್‌ಗ್ರೀನ್ಸ್ ಅನ್ನೋ ಇನ್ನೊಂದು ದೊಡ್ಡ ಫಾರ್ಮಸಿ ಚೈನು ಕೋರ್ಟಿಗೆ ಹೋಯ್ತು, ಕೊನೆಗೆ 2010ರಲ್ಲಿ ನಗರದೋರು ಆ ಸೂಪರ್ ಮಾರ್ಕೆಟ್‌ಗಳನ್ನೂ ಸೇರಿಸಿಯೇ ನಿಷೇಧ ಮಾಡಿದ್ರು. ಆಮೇಲೆ ಬಾಸ್ಟನ್, ಇಡೀ ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಎಲ್ಲ ಬಂದ್ವು. ಟೆಕ್ಸಾಸ್ ಥರದ ಕಡೆ ಈಗ್ಲೂ ಅಂಗಡಿಯೋರ ಇಷ್ಟ.

ನಮ್ಮ ಕಡೆ ಕಥೆ ಉಲ್ಟಾ. ಮೆಡಿಕಲ್ ಶಾಪಲ್ಲಿ ಸಿಗರೇಟ್ ಕೇಳಿದ್ರೆ ಮೇಲಿಂದ ಕೆಳಗೆ ನೋಡ್ತಾರೆ, ಅದು ಒಳ್ಳೇದೇ, ಆದ್ರೆ ಸಿಗರೇಟ್ ಬಿಡಕ್ಕೆ ಅಂತ ಇರೋ ನಿಕೋಟಿನ್ ಗಮ್ಮು ಬೀಡಾ ಅಂಗಡೀಲಿ ಗುಟ್ಕಾ ಥರದ ಸ್ಯಾಶೆಗಳ ಪಕ್ಕ ನೇತಾಡ್ತಿರುತ್ತೆ. ಮೀಟಿಂಗಲ್ಲಿ ಗಮ್ಮು, ಹೊರಗೆ ಬಂದ್ರೆ ಸಿಗರೇಟು, ಹಿಂಗೆ ಎರಡನ್ನೂ ನಡೆಸೋರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದಾರೆ. ಕರ್ನಾಟಕದಲ್ಲಿ 2025ರಿಂದ 21 ವರ್ಷದ ಒಳಗಿನೋರಿಗೆ ತಂಬಾಕು ಮಾರೋಹಾಗಿಲ್ಲ, ಬಿಡಿ ಸಿಗರೇಟೂ ಮಾರೋಹಾಗಿಲ್ಲ ಅಂತ ಕಾನೂನಿದೆ, ಟೀ ಅಂಗಡಿ ಮುಂದೆ ನಿಂತು ನೋಡಿದ್ರೆ ಅದು ಎಷ್ಟರ ಮಟ್ಟಿಗೆ ನಡೀತಿದೆ ಅಂತ ನಿಮಗೇ ಗೊತ್ತಾಗುತ್ತೆ.

ನೀವು ನಿಮಗೋಸ್ಕರನೇ ಕೇಳಿದ್ರೆ ಒಂದು ಮಾತು, ಗಮ್ಮನ್ನ ಮೆಡಿಕಲ್ ಶಾಪಲ್ಲೇ ತಗೊಂಡು ಹೆಂಗೆ ಬಳಸ್ಬೇಕು ಅಂತ ಕೇಳಿ. ಮಾಮೂಲಿ ಚೂಯಿಂಗ್ ಗಮ್ ಥರ ಒಂದೇ ಸಮನೆ ಅಗಿಯೋಹಾಗಿಲ್ಲ, ನಿಧಾನಕ್ಕೆ ಅಗಿದು ನಾಲಿಗೆ ಚುರುಗುಟ್ಟಿದ ತಕ್ಷಣ ನಿಲ್ಲಿಸಿ ದವಡೆ ಪಕ್ಕ ಇಟ್ಕೋಬೇಕು, ಚುರುಚುರು ಹೋದ್ಮೇಲೆ ಮತ್ತೆ ಅಗೀಬೇಕು. ಕಾಫಿ ಕುಡಿದು 15 ನಿಮಿಷ ಆಗೋ ತನಕ ಹಾಕ್ಕೋಬೇಡಿ, ನಿಕೋಟಿನ್ ಸರಿಯಾಗಿ ಒಳಗೆ ಹೋಗಲ್ಲ.