ತವರುಮನೆಯಲ್ಲೇ ಉಳಿದುಹೋದ ಹದಿನೈದು ದಿನಗಳು

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಖಿನ್ನತೆಗೆ ವರ್ಷಗಟ್ಟಲೆ ಮಾತ್ರೆ ನುಂಗಿಯೂ ಗುಣ ಕಾಣದೆ ಆಪ್ತಸಲಹೆಗೆ ಬರುವವರಲ್ಲಿ ಕೆಲವರಿಗೆ ಇರುವುದು ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲಕಾಲ ಖಿನ್ನತೆಗೆ ಕುಗ್ಗಿ, ಇನ್ನು ಕೆಲಕಾಲ ಅತಿಯಾದ ಹುರುಪಿನ ಉನ್ಮಾದಕ್ಕೆ ಏರುವ ಕಾಯಿಲೆ. ಅದರ ಸುಳಿವು ಮನೆಯವರಲ್ಲಿ ಯಾರೋ ಒಬ್ಬರಿಗೆ ಮೊದಲಿನಿಂದಲೂ ಗೊತ್ತಿರುತ್ತದೆ, ಆದರೆ ವೈದ್ಯರ ಕಿವಿಗೆ ಮಾತ್ರ ಬಿದ್ದಿರುವುದಿಲ್ಲ. ಇದು ಮತ್ತೆ ಮತ್ತೆ ಎದುರಾಗುತ್ತಿರುವುದರಿಂದಲೇ ಬರೆಯಬೇಕೆನಿಸಿತು.

ಮೂವತ್ತು ದಾಟಿದ ಆ ಶಿಕ್ಷಕಿ ಪತಿಯೊಡನೆ ಬಂದದ್ದು ದಾಂಪತ್ಯ ಸಲಹೆಗೆಂದು. ಹಿಂದಿನ ವರ್ಷ ಆಕೆಗೆ ಖಿನ್ನತೆಯೆಂದು ಚಿಕಿತ್ಸೆ ಆರಂಭವಾಗಿತ್ತು. ಆ ಬಳಿಕ ಸಿಟ್ಟು, ಜಗಳ, ಸಾಲ ಮಾಡಿ ಸೀರೆ ಕೊಳ್ಳುವುದು, ಮತ್ತೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದು. ಒಬ್ಬ ವೈದ್ಯರು ಆತಂಕವೆಂದರು, ಇನ್ನೊಬ್ಬರು ಸ್ವಭಾವದ ದೋಷವೆಂದರು. ಮಾತ್ರೆಗಳು ಬದಲಾದವು, ಕೊನೆಗೆ ಆಕೆಯೇ ಅವುಗಳನ್ನು ನಿಲ್ಲಿಸಿದರು.

ಖಿನ್ನತೆಯ ಪ್ರತಿಯೊಂದು ಪ್ರಕರಣದಲ್ಲೂ ನಾನು ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಿದೆ: ನಿದ್ದೆಯೇ ಮಾಡದಿದ್ದರೂ ದಣಿವೆನಿಸದ ದಿನಗಳು ಎಂದಾದರೂ ಇದ್ದವೇ? ಪತಿ ಇಲ್ಲವೆಂದರು. ಆಕೆ ತಲೆತಗ್ಗಿಸಿ, "ಅದನ್ನು ಅಮ್ಮನ್ನ ಕೇಳಬೇಕು" ಎಂದರು. ಆಕೆಯೊಡನೆ ಪ್ರತ್ಯೇಕವಾಗಿ ಮಾತನಾಡಿ, ತಾಯಿಯನ್ನು ಕರೆಸಲು ಹಾಗೂ ಆ ಮಾತು ಪತಿಯ ಎದುರಿನಲ್ಲೇ ನಡೆಯಲು ಒಪ್ಪಿಗೆ ಪಡೆದೆ.

ಮುಂದಿನ ಭೇಟಿಯಲ್ಲಿ ತಾಯಿ ಬಹಳ ಹೊತ್ತು ಅಳಿಯನ ಮುಖವನ್ನೇ ನೋಡುತ್ತಿದ್ದರು, ಆಮೇಲೆ ಹೇಳತೊಡಗಿದರು. ಹೆರಿಗೆಯಾದ ಒಂಬತ್ತನೆಯ ದಿನದಿಂದ ಮಗಳು ನಿದ್ದೆಯನ್ನೇ ಮಾಡಲಿಲ್ಲ. ರಾತ್ರಿಯಿಡೀ ಹಾಡು, ಮಾತು; ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವುದು; ಈ ಕೂಸು ಸಾಮಾನ್ಯ ಕೂಸಲ್ಲ, ದೇವರು ಎನ್ನುವುದು. ಒಂದು ನಸುಕಿನಲ್ಲಿ ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ಹೊರಟೇಬಿಟ್ಟಿದ್ದಳು. ಮನೆಯವರು ತಾಯಿತ ಕಟ್ಟಿಸಿದರು, ಊರಿನ ವೈದ್ಯರಿಂದ ನಿದ್ದೆಯ ಸೂಜಿ ಹಾಕಿಸಿದರು, ತೊಟ್ಟಿಲ ಶಾಸ್ತ್ರವನ್ನು ಮುಂದೂಡಿ ಜ್ವರವೆಂದು ಅಳಿಯನಿಗೆ ಫೋನಿನಲ್ಲಿ ತಿಳಿಸಿದರು. "ಅದು ಬಾಣಂತಿ ಸನ್ನಿ ಮೇಡಂ. ಹದಿನೈದು ದಿನ ಇತ್ತು, ಹೋಯ್ತು. ಅದಕ್ಕೂ ಈಗಿನದಕ್ಕೂ ಏನು ಸಂಬಂಧ?" ಎಂದು ಅವರು ನನ್ನನ್ನೇ ಕೇಳಿದರು.

ಅತ್ತೆ ಮುಚ್ಚಿಟ್ಟರೆಂದು ಪತಿ ಸಿಡಿದೇಳಬಹುದೆಂಬ ಅಳುಕು ನನಗಿತ್ತು. ಅವರು ಹಾಗೆ ಮಾಡಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ಹೋದ ವರ್ಷ ಮಾತ್ರೆ ಶುರುವಾದ ಮೇಲೂ ಹೀಗೇ ಇತ್ತು. ರಾತ್ರಿ ಎರಡಕ್ಕೆ ಎದ್ದು ಅಡುಗೆಮನೆ ತೊಳೀತಿದ್ದಳು. ನಾನು ಗುಣ ಆಯ್ತು ಅಂದ್ಕೊಂಡು ಡಾಕ್ಟರಿಗೂ ಹಾಗೇ ಹೇಳಿದೆ" ಎಂದರು.

ರೋಗನಿರ್ಣಯ ತಪ್ಪುವ ಬಗೆ ಈ ಒಂದು ಮಾತಿನಲ್ಲೇ ಇದೆ. ಬೈಪೋಲಾರ್ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಥೈರಾಯಿಡ್ ಮೊದಲಾದ ಪರೀಕ್ಷೆಗಳು ಬೇರೆ ಕಾರಣಗಳಿಲ್ಲವೆಂದು ತಿಳಿಯಲು ಮಾತ್ರ. ವೈದ್ಯರಿಗೆ ಆಧಾರವೆಂದರೆ ಬದುಕಿನುದ್ದಕ್ಕೂ ನಡೆದದ್ದರ ಇತಿಹಾಸ. ಆದರೆ ಜನ ಆಸ್ಪತ್ರೆಗೆ ಬರುವುದು ಕುಗ್ಗಿದಾಗ. ಉತ್ಸಾಹ ಏರಿದ ದಿನಗಳನ್ನು ರೋಗಿಯಾಗಲಿ ಮನೆಯವರಾಗಲಿ ಕಾಯಿಲೆಯೆಂದು ಎಣಿಸುವುದಿಲ್ಲ. ಹೈಪೋಮೇನಿಯಾ ಎಂಬ ಸೌಮ್ಯರೂಪದ ಏರಿಕೆ ನಾಲ್ಕೇ ದಿನ ಇದ್ದರೂ ಲೆಕ್ಕಕ್ಕೆ ಬರುತ್ತದೆಂಬುದು ಅವರಿಗೆ ತಿಳಿದಿರುವುದಿಲ್ಲ. ಹೀಗಾಗಿ ವೈದ್ಯರಿಗೆ ಖಿನ್ನತೆಯಷ್ಟೇ ಕಾಣುತ್ತದೆ. ಬೈಪೋಲಾರ್ ಇರುವವರಿಗೆ ಮೂಡ್ ಸ್ಟೆಬಿಲೈಸರ್ (ಮನಸ್ಸಿನ ಏರಿಳಿತವನ್ನು ಹಿಡಿತದಲ್ಲಿಡುವ ಔಷಧ) ಇಲ್ಲದೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಅದೇ ಉನ್ಮಾದಕ್ಕೆ ದಾರಿಯಾಗುತ್ತದೆ. ಇನ್ನು ಉನ್ಮಾದ ತೀವ್ರವಾಗಿ ಭ್ರಮೆಗಳೂ ಸೇರಿಕೊಂಡಾಗಲಷ್ಟೇ ನೋಡಿದವರು ಅದನ್ನು ಸ್ಕಿಜೋಫ್ರೇನಿಯಾ ಎಂಬ ಬೇರೆಯದೇ ಮನೋರೋಗ ಎಂದುಕೊಳ್ಳುವುದೂ ಉಂಟು. ಹೆರಿಗೆಯ ನಂತರದ ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುವ ಉನ್ಮಾದಕ್ಕೂ ಬೈಪೋಲಾರ್‌ಗೂ ಗಾಢವಾದ ನಂಟಿದೆ. ಆದರೆ ನಮ್ಮಲ್ಲಿ ಬಾಣಂತನ ನಡೆಯುವುದು ತವರಿನಲ್ಲಿ, ಆಸ್ಪತ್ರೆಗೆ ಜೊತೆಯಾಗುವವನು ಗಂಡ. ಕಂಡವರು ಒಂದು ಮನೆಯಲ್ಲಿ, ಹೇಳಬೇಕಾದವರು ಇನ್ನೊಂದು ಮನೆಯಲ್ಲಿ.

ರೋಗನಿರ್ಣಯ ನನ್ನ ಕೆಲಸವಲ್ಲ. ಆದ್ದರಿಂದ ಮನೋವೈದ್ಯರಿಗೆ ಪತ್ರ ಬರೆದು, ತಾಯಿ ಮತ್ತು ಪತಿ ಇಬ್ಬರೂ ಆಕೆಯೊಡನೆ ಹೋಗಿ ಎರಡೂ ಘಟನೆಗಳನ್ನು ತಾವೇ ಹೇಳಬೇಕೆಂದು ಸೂಚಿಸಿದೆ. ತವರಿನ ಗುಟ್ಟನ್ನು ಗಂಡನ ಮುಂದೆ ಬಿಚ್ಚಿಸಿದ್ದು ಹೆಣ್ಣಿನ ಸಂಸಾರವನ್ನೇ ಪಣಕ್ಕಿಟ್ಟಂತೆ ಎಂದು ಪರಿಚಿತರೊಬ್ಬರು ಆಕ್ಷೇಪಿಸಿದರು. ಆ ಭಯ ಹುಸಿಯಲ್ಲ. ಇದೇ ಕಾರಣಕ್ಕೆ ಹೆಂಡತಿಯನ್ನು ತವರಿಗೆ ಕಳಿಸಿಬಿಟ್ಟವರನ್ನು ನಾನು ಕಂಡಿದ್ದೇನೆ. ಆದರೂ ಆಕೆಯ ಒಪ್ಪಿಗೆಯಿದ್ದ ಮೇಲೆ, ತಪ್ಪು ಔಷಧದಿಂದ ಇನ್ನೊಮ್ಮೆ ಉನ್ಮಾದಕ್ಕೀಡಾಗುವ ಅಪಾಯಕ್ಕಿಂತ ಆ ಗುಟ್ಟು ದೊಡ್ಡದೆಂದು ನಾನು ಒಪ್ಪಲಾರೆ. ಮನೋವೈದ್ಯರು ಬೈಪೋಲಾರ್ ಎಂದು ನಿರ್ಣಯಿಸಿ ಲಿಥಿಯಂ ಎಂಬ ಮೂಡ್ ಸ್ಟೆಬಿಲೈಸರ್ ಆರಂಭಿಸಿದರು.

ಕುಟುಂಬಕ್ಕೆ ನಾನು ಮೊದಲು ಕೊಟ್ಟ ಸಲಹೆ ಒಂದು ನೋಟ್‌ಬುಕ್ಕಿನದು: ದಿನವೂ ಎಷ್ಟು ಗಂಟೆ ನಿದ್ದೆ, ಮನಸ್ಸು ಹೇಗಿತ್ತು ಎಂದು ಆಕೆಯೇ ಬರೆಯುವುದು, ಪ್ರತಿ ಭೇಟಿಗೂ ಅದನ್ನು ಒಯ್ಯುವುದು. ನಿದ್ದೆ ಕಡಿಮೆಯಾಗಿಯೂ ಹುರುಪು ಹೆಚ್ಚಿದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು, ಉಪವಾಸದ ದಿನ ನೀರು ಕುಡಿಯುವುದನ್ನು ಬಿಡಬಾರದು, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು. ಉತ್ಸಾಹ ಏರಿದ ದಿನಗಳಲ್ಲಿ ಎಟಿಎಂ ಕಾರ್ಡು ಯಾರ ಬಳಿ ಇರಬೇಕೆಂಬುದನ್ನು ಆರೋಗ್ಯವಾಗಿರುವಾಗಲೇ ಆಕೆಯೇ ನಿರ್ಧರಿಸಲಿ ಎಂದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ, ತನ್ನ ಪರವಾಗಿ ಚಿಕಿತ್ಸೆಯಲ್ಲಿ ನೆರವಾಗುವ ಪ್ರತಿನಿಧಿಯನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ಸೂಚಿಸಬಹುದು. ಆಕೆ ಪತಿಯ ಹೆಸರನ್ನು ಬರೆದರು. ಸಾಯುವ ಮಾತು ಬಂದರೆ ಒಬ್ಬಳನ್ನೇ ಬಿಡದೆ, ಮಾತ್ರೆಗಳನ್ನು ಕೈಗೆ ಸಿಗದಂತಿಟ್ಟು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪತಿಗೆ ಬೇರೆಯಾಗಿ ಒಂದು ಮಾತು ಹೇಳಬೇಕಾಯಿತು. ಆಕೆ ನಕ್ಕರೂ ರೇಗಿದರೂ "ಮಾತ್ರೆ ತಗೊಂಡ್ಯಾ?" ಎಂದು ಕೇಳುವುದು ಅವರಿಗೆ ರೂಢಿಯಾಗಿತ್ತು. ಕಾಯಿಲೆಯಿದ್ದವರಿಗೂ ನ್ಯಾಯವಾದ ಸಿಟ್ಟಿರುತ್ತದೆ, ಅದಕ್ಕೆ ಉತ್ತರ ಮಾತ್ರೆಯಲ್ಲ ಎಂದೆ.

ಈಗ ಅವರು ಎರಡನೆಯ ಮಗುವಿನ ಯೋಚನೆಯಲ್ಲಿದ್ದಾರೆ. ಉನ್ಮಾದ ಮರುಕಳಿಸುವ ಅಪಾಯ ಹೆರಿಗೆಯ ನಂತರ ಹೆಚ್ಚಿರುವುದರಿಂದ, ಗರ್ಭ ಧರಿಸುವ ಮೊದಲೇ ಮನೋವೈದ್ಯರನ್ನೂ ಪ್ರಸೂತಿ ತಜ್ಞರನ್ನೂ ಕಂಡು ಔಷಧದ ಬಗ್ಗೆ ತೀರ್ಮಾನಿಸಲು, ತಾವಾಗಿಯೇ ಯಾವುದನ್ನೂ ನಿಲ್ಲಿಸದಿರಲು ತಿಳಿಸಿದ್ದೇನೆ. ಬಾಣಂತಿಗೆ ರಾತ್ರಿ ನಿದ್ದೆ ಸಿಗುವಂತೆ ಮಗುವನ್ನು ಯಾರು ನೋಡಿಕೊಳ್ಳುವುದೆಂದು ತಾಯಿಯೂ ಅಳಿಯನೂ ಈಗಲೇ ಕೂತು ಮಾತನಾಡಿಕೊಂಡಿದ್ದಾರೆ. ಮೊದಲ ತಿಂಗಳು ಪತಿ ರಜೆ ಹಾಕಿ ಅತ್ತೆಯ ಮನೆಯಲ್ಲೇ ಇರುವುದೆಂದು ಒಪ್ಪಿದ್ದಾರೆ.